ಫಾರ್ಮ್ಯಾಟ್ ಮಾಡುವ ಮುನ್ನ ಕ್ರ್ಯಾಶ್‌ನ ದಾಖಲೆ ಓದಿ

ಸಂಪಾದಕರಿಗೆ,

ಮಾನ್ಯರೇ,

ಮನೆಯ ಕಂಪ್ಯೂಟರ್ ಪದೇ ಪದೇ ನೀಲಿ ಪರದೆ ತೋರಿಸಿ ನಿಲ್ಲುತ್ತದೆ, ಇಲ್ಲವೇ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ, ಏನು ಮಾಡಲಿ ಎಂದು ಕೇಳಿದವರಿಗೆ ಸಿಗುವ ಉತ್ತರ ಬಹುಪಾಲು ಒಂದೇ: ‘ಫಾರ್ಮ್ಯಾಟ್ ಮಾಡಿಸಿ, ವಿಂಡೋಸ್ ಹೊಸದಾಗಿ ಹಾಕಿಸಿ.’ ಈ ಸಲಹೆಗೆ ನಮ್ಮ ಆಕ್ಷೇಪವಿದೆ. ಕೆಟ್ಟಿರುವುದು ರ‍್ಯಾಮ್ (ಕೆಲಸದ ಹೊತ್ತಿನ ಮೆಮೊರಿ) ಅಥವಾ ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಕೊಡುವ ಪೆಟ್ಟಿಗೆ) ಆಗಿದ್ದಾಗ ಫಾರ್ಮ್ಯಾಟ್ ಮಾಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಅದಕ್ಕಿಂತ ದೊಡ್ಡ ನಷ್ಟವೂ ಒಂದಿದೆ. ತೊಂದರೆ ಎಲ್ಲಿದೆ ಎಂದು ಹೇಳಬಲ್ಲ ದಾಖಲೆಯೆಲ್ಲ ಹಳೆಯ ವಿಂಡೋಸ್ ಜೊತೆಗೇ ಅಳಿಸಿಹೋಗುತ್ತದೆ.

ಕ್ರ್ಯಾಶ್ ಆದಾಗ ವಿಂಡೋಸ್ ಪರದೆಯ ಕೆಳಗೆ ಒಂದು ಸ್ಟಾಪ್ ಕೋಡ್, ಅಂದರೆ ದೋಷದ ಗುರುತು, ತೋರಿಸುತ್ತದೆ. (ವಿಂಡೋಸ್ 11ರ ಈಚಿನ ಆವೃತ್ತಿಗಳಲ್ಲಿ ಈ ಪರದೆ ನೀಲಿಯಲ್ಲ, ಕಪ್ಪು.) ಅದನ್ನು ಓದುವಷ್ಟರಲ್ಲಿ ಯಂತ್ರ ಮತ್ತೆ ಶುರುವಾಗಿಬಿಡುತ್ತದೆ ಎನ್ನುವುದು ಎಲ್ಲರ ದೂರು. ಅದಕ್ಕೆ ಪರಿಹಾರ ಸುಲಭ. ‘ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್’ ತೆರೆದು, ‘ಸ್ಟಾರ್ಟಪ್ ಆ್ಯಂಡ್ ರಿಕವರಿ’ ವಿಭಾಗದಲ್ಲಿ ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಎದುರಿನ ಟಿಕ್ ತೆಗೆಯಿರಿ. ಅಲ್ಲಿಯೇ ‘ಸ್ಮಾಲ್ ಮೆಮೊರಿ ಡಂಪ್’ ಆರಿಸಿ. ಇನ್ನು ಮುಂದೆ ಸಾಮಾನ್ಯವಾಗಿ ಪ್ರತಿ ನೀಲಿ ಪರದೆಗೂ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗಿನ ಮಿನಿಡಂಪ್ ಫೋಲ್ಡರ್‌ನಲ್ಲಿ ಆ ಕ್ಷಣದ ಸ್ಥಿತಿ ಹೇಳುವ ಒಂದು ಚಿಕ್ಕ ಫೈಲ್ (ಡಂಪ್) ಉಳಿಯುತ್ತದೆ. ಈ ಫೈಲ್ ಬರೆಯಲು ಸಿ ಡ್ರೈವ್‌ನಲ್ಲಿ ಪೇಜ್‌ಫೈಲ್ (ರ‍್ಯಾಮ್ ಸಾಲದಾಗ ವಿಂಡೋಸ್ ಬಳಸುವ ಡಿಸ್ಕ್ ಜಾಗ) ಇರಬೇಕು. ವೇಗ ಹೆಚ್ಚಿಸುವ ನೆಪದಲ್ಲಿ ಅದನ್ನು ಆಫ್ ಮಾಡಿಸುವ, ಜಾಗ ಉಳಿಸಲು ಡಂಪ್ ಫೈಲ್‌ಗಳನ್ನು ಅಳಿಸುವ ಕ್ಲೀನರ್ ತಂತ್ರಾಂಶಗಳನ್ನು ಮೊದಲು ತೆಗೆದುಹಾಕಿ. ಡಂಪ್ ಫೈಲ್ ಸಿಕ್ಕರೆ ಮೈಕ್ರೋಸಾಫ್ಟ್‌ನದೇ ಉಚಿತ ವಿನ್‌ಡಿಬಿಜಿ ತಂತ್ರಾಂಶದಲ್ಲಿ ತೆರೆದು ವಿಶ್ಲೇಷಣೆಯ ಆಜ್ಞೆ ಕೊಟ್ಟರೆ, ಕ್ರ್ಯಾಶ್ ಹೊತ್ತಿನಲ್ಲಿ ಯಾವ ಡ್ರೈವರ್ (ಹಾರ್ಡ್‌ವೇರ್ ಅನ್ನು ವಿಂಡೋಸ್‌ಗೆ ಜೋಡಿಸುವ ತಂತ್ರಾಂಶ) ಓಡುತ್ತಿತ್ತು ಎನ್ನುವುದು ಕಾಣುತ್ತದೆ.

ಎರಡನೆಯ ಸಾಕ್ಷಿ ಇವೆಂಟ್ ವ್ಯೂವರ್, ಅಂದರೆ ವಿಂಡೋಸ್ ಇಡುವ ಘಟನೆಗಳ ದಿನಚರಿ. ಇಲ್ಲಿ ಬಹಳ ಜನ ಎಡವುವುದು ‘ಕರ್ನಲ್ ಪವರ್ 41’ ಎಂಬ ಕೆಂಪು ಸಾಲಿನಲ್ಲಿ. ಹೆಸರಿನಲ್ಲಿ ಪವರ್ ಇದೆಯೆಂದು ಕೂಡಲೇ ಎಸ್‌ಎಂಪಿಎಸ್ ಬದಲಿಸಿದವರಿದ್ದಾರೆ. ಆ ಸಾಲು ಹೇಳುವುದು ಇಷ್ಟೇ: ಹಿಂದಿನ ಸಲ ಯಂತ್ರ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ. ಕಾರಣ ಇರುವುದು ಅದರ ‘ಡೀಟೇಲ್ಸ್’ ಟ್ಯಾಬ್‌ನ ಒಳಗೆ. ಅಲ್ಲಿ ‘ಬಗ್‌ಚೆಕ್ ಕೋಡ್’ ಎದುರು ಇರುವ ಸಂಖ್ಯೆ ನೋಡಿ. ಅದು 0 ಆಗಿದ್ದರೆ ನೀಲಿ ಪರದೆಯ ವಿವರ ದಾಖಲಿಸಲೂ ವಿಂಡೋಸ್‌ಗೆ ಸಮಯ ಸಿಕ್ಕಿಲ್ಲ. ಅಂದರೆ ವಿದ್ಯುತ್ ಕಡಿದಿದೆ, ಬಿಸಿ ಮಿತಿ ಮೀರಿದೆ, ಇಲ್ಲವೇ ಯಂತ್ರ ಪೂರ್ತಿ ಹ್ಯಾಂಗ್ ಆಗಿದೆ. ಬೇರೆ ಸಂಖ್ಯೆ ಇದ್ದರೆ ಅದೇ ಸ್ಟಾಪ್ ಕೋಡ್, ದಶಮಾಂಶ ರೂಪದಲ್ಲಿ: 26 ಎಂದರೆ ಮೆಮೊರಿ ಮ್ಯಾನೇಜ್‌ಮೆಂಟ್, 122 ಎಂದರೆ ಡಿಸ್ಕ್‌ನಿಂದ ಮಾಹಿತಿ ಓದಲಾಗದ ದೋಷ, 209 ಎಂದರೆ ಡ್ರೈವರ್ ದೋಷ, 278 ಎಂದರೆ ಗ್ರಾಫಿಕ್ಸ್ ಸ್ಪಂದಿಸದ ದೋಷ, 292 ಎಂದರೆ ಹಾರ್ಡ್‌ವೇರ್ ತಾನೇ ವರದಿ ಮಾಡಿದ, ಸರಿಪಡಿಸಲಾಗದ ದೋಷ. ಹ್ಯಾಂಗ್ ಆದಾಗ ನೀವೇ ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಿದ್ದರೂ 41 ಬರುತ್ತದೆ ಎನ್ನುವುದು ನೆನಪಿರಲಿ.

ಕೋಡ್‌ಗಳ ಒಂದು ಪಟ್ಟಿ ಬರೆದಿಡಿ. ಸಲಸಲಕ್ಕೂ ಬೇರೆ ಬೇರೆ ಕೋಡ್ ಬರುತ್ತಿದ್ದರೆ ಮೊದಲ ಅನುಮಾನ ರ‍್ಯಾಮ್ ಮೇಲೆ. ಒಂದೇ ಕೋಡ್, ಒಂದೇ ಡ್ರೈವರ್ ಹೆಸರು ಮರಳಿ ಬರುತ್ತಿದ್ದರೆ ಆ ಡ್ರೈವರ್ ಮೇಲೆ. ‘ರಿಲಯಬಿಲಿಟಿ ಮಾನಿಟರ್’ ಎಂಬ ಸಲಕರಣೆ ವಿಂಡೋಸ್‌ನಲ್ಲೇ ಇದೆ. ಯಾವ ದಿನ ಏನು ಇನ್‌ಸ್ಟಾಲ್ ಆಯಿತು, ಯಾವ ದಿನದಿಂದ ಕ್ರ್ಯಾಶ್ ಶುರುವಾಯಿತು ಎಂಬುದನ್ನು ಒಂದೇ ಪುಟದಲ್ಲಿ ತೋರಿಸುತ್ತದೆ. ಇಷ್ಟು ಉಪಯುಕ್ತವಾದ ಸಲಕರಣೆಯನ್ನು ತೆರೆದು ನೋಡುವವರು ತೀರ ಕಡಿಮೆ.

ಮುಂದಿನ ಯಾವ ಹೆಜ್ಜೆ ಇಡುವ ಮೊದಲೂ ಮುಖ್ಯ ಫೈಲ್‌ಗಳನ್ನು ಹೊರಗಿನ ಡಿಸ್ಕ್‌ಗೆ ಬ್ಯಾಕಪ್ ಮಾಡಿ. ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ. ರ‍್ಯಾಮ್, ಡ್ರೈವರ್, ಕೇಬಲ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ತೊಂದರೆ ಹೋದರೂ ಏಕೆ ಹೋಯಿತೆಂದು ಗೊತ್ತಾಗುವುದಿಲ್ಲ. ಅದೇ ತೊಂದರೆ ಮರಳಿ ಬಂದಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ರ‍್ಯಾಮ್ ಪರೀಕ್ಷೆಗೆ ವಿಂಡೋಸ್‌ನ ಒಳಗಿನ ಮೆಮೊರಿ ಡಯಾಗ್ನಸ್ಟಿಕ್ ಆರಂಭಕ್ಕೆ ಸಾಕು. ಆದರೆ ಅದು ‘ದೋಷವಿಲ್ಲ’ ಎಂದದ್ದನ್ನು ಪೂರ್ತಿ ನಂಬುವಂತಿಲ್ಲ. ಮೆಮ್‌ಟೆಸ್ಟ್86 ಅಥವಾ ಅದರ ಮುಕ್ತ ತಂತ್ರಾಂಶ ರೂಪವಾದ ಮೆಮ್‌ಟೆಸ್ಟ್86 ಪ್ಲಸ್ ಅನ್ನು ಪೆನ್ ಡ್ರೈವ್‌ಗೆ ಹಾಕಿ, ಅದರಿಂದಲೇ ಯಂತ್ರ ಶುರುಮಾಡಿ (ಬೂಟ್), ಕನಿಷ್ಠ 4 ಪಾಸ್ (ಪರೀಕ್ಷೆಯ ಪೂರ್ತಿ ಸುತ್ತು) ಓಡಿಸಿ. ರ‍್ಯಾಮ್ ದೊಡ್ಡದಿದ್ದರೆ ಇದಕ್ಕೆ ಹಲವು ಗಂಟೆ ಬೇಕು, ರಾತ್ರಿಯಿಡೀ ಬಿಡುವುದು ಒಳ್ಳೆಯದು. ಒಂದೇ ಒಂದು ಕೆಂಪು ಸಾಲು ಬಂದರೂ ಅದು ಸೋಲೇ. ರ‍್ಯಾಮ್ ವಿಷಯದಲ್ಲಿ ‘ಒಂದೆರಡು ತಪ್ಪು ಇರಲಿ ಬಿಡಿ’ ಎನ್ನುವ ಮಾತೇ ಇಲ್ಲ, ಏಕೆಂದರೆ ಅದೇ ಜಾಗದಲ್ಲಿ ನಾಳೆ ನಿಮ್ಮ ಫೈಲ್‌ನ ತುಂಡು ಕೂತಿರುತ್ತದೆ. ಅದು ಕೆಟ್ಟ ರೂಪದಲ್ಲೇ ಡಿಸ್ಕ್‌ಗೆ ಹೋಗುತ್ತದೆ.

ದೋಷ ಕಂಡಕೂಡಲೇ ಹೊಸ ರ‍್ಯಾಮ್ ಕೊಳ್ಳಲು ಓಡಬೇಡಿ. ಮೊದಲು ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ, ಬೋರ್ಡ್‌ನದೇ ತಂತ್ರಾಂಶ) ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ, ಅಂದರೆ ರ‍್ಯಾಮ್ ವೇಗ ಏರಿಸುವ ಸೆಟ್ಟಿಂಗ್, ಆನ್ ಆಗಿದೆಯೇ ನೋಡಿ, ಆಫ್ ಮಾಡಿ ಪರೀಕ್ಷೆ ಮತ್ತೆ ಓಡಿಸಿ. ಡಿಡಿಆರ್4 ರ‍್ಯಾಮ್‌ನ ಸಾಮಾನ್ಯ ವೋಲ್ಟೇಜ್ 1.2. ಎಕ್ಸ್‌ಎಂಪಿಯಲ್ಲಿ ಅದು ಸಾಮಾನ್ಯವಾಗಿ 1.35ಕ್ಕೆ ಏರುತ್ತದೆ, ವೇಗವೂ ಏರುತ್ತದೆ. ಪೊಟ್ಟಣದ ಮೇಲೆ ಅಚ್ಚಾದ ಆ ವೇಗವನ್ನು ನಿಮ್ಮ ಪ್ರೊಸೆಸರ್‌ನ ಮೆಮೊರಿ ಕಂಟ್ರೋಲರ್ ತಾಳಿಕೊಳ್ಳುತ್ತದೆ ಎಂಬ ಖಾತ್ರಿ ಇಲ್ಲ, ಅದರಲ್ಲೂ ನಾಲ್ಕು ಸ್ಲಾಟ್ ತುಂಬಿದ್ದಾಗ. ಎಕ್ಸ್‌ಎಂಪಿ ಆಫ್ ಮಾಡಿದ ಮೇಲೆ ದೋಷ ಹೋದರೆ ವೇಗ ಒಂದು ಮೆಟ್ಟಿಲು ಇಳಿಸಿದರೆ ಸಾಕು. ಹೋಗದಿದ್ದರೆ ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಉಳಿದ ವಿದ್ಯುತ್ ಖಾಲಿ ಮಾಡಿ, ಒಂದೇ ಸ್ಟಿಕ್ (ರ‍್ಯಾಮ್ ಪಟ್ಟಿ) ಇಟ್ಟು ಪರೀಕ್ಷಿಸಿ. ನಾಲ್ಕು ಸ್ಲಾಟ್ ಇರುವ ಬೋರ್ಡ್‌ಗಳಲ್ಲಿ ಒಂಟಿ ಸ್ಟಿಕ್‌ನ ಜಾಗ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎರಡನೆಯ ಸ್ಲಾಟ್. ಬೋರ್ಡ್‌ನ ಕೈಪಿಡಿಯಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಿ. ತೊಂದರೆ ಸ್ಟಿಕ್ ಹಿಂದೆ ಹೋದರೆ ಸ್ಟಿಕ್ ಕೆಟ್ಟಿದೆ. ಯಾವ ಸ್ಟಿಕ್ ಹಾಕಿದರೂ ಅದೇ ಸ್ಲಾಟ್‌ನಲ್ಲಿ ಬಂದರೆ ಸ್ಲಾಟ್ ಅಥವಾ ಬೋರ್ಡ್.

ಬಗ್‌ಚೆಕ್ ಕೋಡ್ 0 ಇದ್ದು, ಭಾರದ ಕೆಲಸ ಅಥವಾ ಗೇಮ್ ಶುರುವಾದ ಕ್ಷಣಕ್ಕೇ ಯಂತ್ರ ಟಪ್ಪೆಂದು ಆಫ್ ಆಗುತ್ತಿದ್ದರೆ ಎಸ್‌ಎಂಪಿಎಸ್ ಕಡೆ ತಿರುಗಬೇಕು. ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ಗಳ ಎಟಿಎಕ್ಸ್ ಮಾನದಂಡದಲ್ಲಿ ಏರಿಳಿತಕ್ಕೆ ಶೇ 5ರಷ್ಟು ಮಾತ್ರ ಅವಕಾಶ. 12 ವೋಲ್ಟ್ ತಂತಿಯಲ್ಲಿ ಮಲ್ಟಿಮೀಟರ್ 11.4ರಿಂದ 12.6ರ ಒಳಗೆ, 5 ವೋಲ್ಟ್ ತಂತಿಯಲ್ಲಿ 4.75ರಿಂದ 5.25ರ ಒಳಗೆ ತೋರಿಸಬೇಕು. ಇದನ್ನು ಯಂತ್ರ ಸುಮ್ಮನಿದ್ದಾಗ ಅಳೆದರೆ ಪ್ರಯೋಜನವಿಲ್ಲ, ಭಾರ ಬಿದ್ದಾಗ ಅಳೆಯಬೇಕು. ಆಗಲೂ ಕ್ಷಣಾರ್ಧದ ಕುಸಿತ ಮೀಟರ್‌ಗೆ ಸಿಗುವುದಿಲ್ಲ. ಹಾಗಾಗಿ ಸರಿಯಿದೆ ಎಂದು ಗೊತ್ತಿರುವ, ಸಾಕಷ್ಟು ವ್ಯಾಟ್‌ನ ಇನ್ನೊಂದು ಎಸ್‌ಎಂಪಿಎಸ್ ಹಾಕಿ ನೋಡುವುದೇ ನಿಜವಾದ ಪರೀಕ್ಷೆ. ಬೇರೆ ಮಾದರಿಯ ಎಸ್‌ಎಂಪಿಎಸ್ ಹಾಕುವಾಗ ಅದರ ಕೇಬಲ್‌ಗಳನ್ನೇ ಬಳಸಿ. ಮಾಡ್ಯುಲರ್ (ಬಿಚ್ಚಿ ಸಿಕ್ಕಿಸಬಹುದಾದ) ಕೇಬಲ್‌ಗಳ ಪಿನ್ ಜೋಡಣೆ ಮಾದರಿಯಿಂದ ಮಾದರಿಗೆ ಬೇರೆ, ಹಳೆಯ ಕೇಬಲ್ ಸಿಕ್ಕಿಸಿದರೆ ಡಿಸ್ಕ್ ಸುಟ್ಟುಹೋಗಬಹುದು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಪ್ರಾಣಾಪಾಯದಷ್ಟು ವೋಲ್ಟೇಜ್ ಉಳಿದಿರಬಹುದು.

ಬಗ್‌ಚೆಕ್ ಕೋಡ್ 0 ಇದ್ದು ಯಂತ್ರ ದಿಢೀರನೆ ರೀಸ್ಟಾರ್ಟ್ ಆಗುವುದಕ್ಕೆ ಒಂದು ಚಿಕ್ಕ ಕಾರಣವೂ ಇರಬಹುದು: ಕ್ಯಾಬಿನೆಟ್‌ನ ಮುಂಭಾಗದ ರೀಸೆಟ್ ಗುಂಡಿ ಆಗಾಗ ಒಳಗೇ ಅಂಟಿಕೊಳ್ಳುವುದು. ಆ ಗುಂಡಿಯ ಎರಡು ಪಿನ್‌ನ ತಂತಿಯನ್ನು ಬೋರ್ಡ್‌ನಿಂದ ಕಿತ್ತು ಕೆಲವು ದಿನ ನೋಡಿದರೆ ಗೊತ್ತಾಗುತ್ತದೆ, ಖರ್ಚಿಲ್ಲ.

ಬಿಸಿಯ ತೊಂದರೆ ಸಾಮಾನ್ಯವಾಗಿ ಮುನ್ಸೂಚನೆ ಕೊಟ್ಟು ಬರುತ್ತದೆ. ಫ್ಯಾನ್ ಅಬ್ಬರಿಸುತ್ತದೆ, ಯಂತ್ರ ನಿಧಾನವಾಗುತ್ತದೆ, ಆಮೇಲೆ ಆಫ್. ಈಗಿನ ಬಹುತೇಕ ಪ್ರೊಸೆಸರ್‌ಗಳು 95ರಿಂದ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ತಾವೇ ವೇಗ ಇಳಿಸಿಕೊಳ್ಳುತ್ತವೆ, ಅದನ್ನೂ ಮೀರಿದರೆ ಆಫ್ ಆಗುತ್ತವೆ. ಎಚ್‌ಡಬ್ಲ್ಯುಇನ್ಫೊದಂತಹ ತಂತ್ರಾಂಶದಲ್ಲಿ ತಾಪಮಾನ ನೋಡಿ. ದೂಳು ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಲ್ಲಿ ಹಿಡಿದುಕೊಳ್ಳಿ, ಗಾಳಿಗೆ ವಿಪರೀತ ತಿರುಗಿದರೆ ಅದರ ಬೇರಿಂಗ್ ಕೆಡುತ್ತದೆ. ಪ್ರೊಸೆಸರ್‌ನ ಬಿಸಿಯನ್ನು ಹೀಟ್ ಸಿಂಕ್‌ಗೆ (ಬಿಸಿ ಹೀರುವ ಲೋಹದ ಭಾಗ) ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಪೂರ್ತಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ನಡುವೆ ಇಟ್ಟು, ಹೀಟ್ ಸಿಂಕ್‌ನ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಡಿಸ್ಕ್ ಕೆಡುತ್ತಿದ್ದರೆ ಯಂತ್ರ ಕೆಲವು ಸೆಕೆಂಡ್ ಮರಗಟ್ಟಿ ಆಮೇಲೆ ಬೀಳುತ್ತದೆ. ಇವೆಂಟ್ ವ್ಯೂವರ್‌ನಲ್ಲಿ ಡಿಸ್ಕ್ ಹೆಸರಿನಲ್ಲಿ 7 ಅಥವಾ 153, ಸ್ಟೋರೇಜ್ ಡ್ರೈವರ್ ಹೆಸರಿನಲ್ಲಿ 129 ಎಂಬ ಇವೆಂಟ್ ಸಂಖ್ಯೆ ಕಾಣುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೊದಲ್ಲಿ ಸ್ಮಾರ್ಟ್ ಅಂಕಿಗಳನ್ನು, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕವನ್ನು, ನೋಡಿ. ಹಾರ್ಡ್ ಡಿಸ್ಕ್‌ನಲ್ಲಿ 5, 197, 198ನೇ ಸಾಲುಗಳ ‘ರಾ ವ್ಯಾಲ್ಯೂಸ್’ ಏರುತ್ತಿದ್ದರೆ ಡಿಸ್ಕ್ ಬದಲಿಸುವ ಕಾಲ ಬಂದಿದೆ. 199 ಮಾತ್ರ ಏರುತ್ತಿದ್ದರೆ ಡಿಸ್ಕ್‌ಗಿಂತ ಅದನ್ನು ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್ ಮೇಲೆಯೇ ಹೆಚ್ಚು ಅನುಮಾನ. ಸಾಯುತ್ತಿರುವ ಡಿಸ್ಕ್ ಮೇಲೆ ಚೆಕ್ ಡಿಸ್ಕ್ (ಡಿಸ್ಕ್‌ನ ದೋಷ ಹುಡುಕುವ ವಿಂಡೋಸ್ ಸಲಕರಣೆ) ಓಡಿಸುವುದು ಬ್ಯಾಕಪ್ ಆದ ಮೇಲೆ ಮಾತ್ರ. ಇಡೀ ಡಿಸ್ಕ್ ಓದಿಸುವ ಆ ಶ್ರಮಕ್ಕೇ ಅದು ಪೂರ್ತಿ ನಿಂತುಹೋಗಬಹುದು.

ಇನ್ನು ಡ್ರೈವರ್. ಡ್ರೈವರ್‌ಗಳು ಕರ್ನಲ್ ಮಟ್ಟದಲ್ಲಿ, ಅಂದರೆ ವಿಂಡೋಸ್‌ನ ತಿರುಳಿನಲ್ಲೇ, ಓಡುವುದರಿಂದ ಅಲ್ಲಿ ಆಗುವ ಒಂದು ತಪ್ಪಿಗೆ ಇಡೀ ವಿಂಡೋಸ್ ನಿಲ್ಲುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ಒಂದು ದೋಷಪೂರಿತ ಫೈಲ್ ಸುಮಾರು 85 ಲಕ್ಷ ಕಂಪ್ಯೂಟರ್‌ಗಳನ್ನು ಬೀಳಿಸಿದ್ದು ಹೀಗೆಯೇ. ಸೇಫ್ ಮೋಡ್‌ಗೆ (ತೀರ ಅಗತ್ಯದ ಡ್ರೈವರ್‌ಗಳಷ್ಟೇ ಓಡುವ ಸ್ಥಿತಿ) ಹೋಗಿ ಆ ಫೈಲ್ ಅಳಿಸಿದಾಗ ಅವು ಎದ್ದವು, ಫಾರ್ಮ್ಯಾಟ್ ಬೇಕಾಗಲಿಲ್ಲ. ಮನೆಯಲ್ಲೂ ಮೊದಲು ಅನುಮಾನಿಸಬೇಕಾದದ್ದು ಎರಡೆರಡು ಆ್ಯಂಟಿವೈರಸ್, ವಿಪಿಎನ್, ಬಣ್ಣದ ದೀಪ ಮತ್ತು ಓವರ್‌ಕ್ಲಾಕಿಂಗ್ ನಿಯಂತ್ರಿಸುವ ತಂತ್ರಾಂಶ, ಗೇಮ್‌ಗಳ ಆ್ಯಂಟಿಚೀಟ್ (ಆಟದಲ್ಲಿ ಮೋಸ ತಡೆಯುವ ತಂತ್ರಾಂಶ). ಗ್ರಾಫಿಕ್ಸ್ ಡ್ರೈವರ್ ಕೆಟ್ಟಿದ್ದರೆ ಸೇಫ್ ಮೋಡ್‌ನಲ್ಲಿ ಡಿಡಿಯು ತಂತ್ರಾಂಶದಿಂದ ಹಳೆಯದನ್ನು ಪೂರ್ತಿ ತೆಗೆದು, ತಯಾರಕರ ತಾಣದಿಂದಲೇ ಹೊಸದು ಹಾಕಿ. ಡ್ರೈವರ್ ಹುಡುಕಿಕೊಡುವ ‘ಅಪ್‌ಡೇಟರ್’ಗಳು ಬೇಡ. ಶಟ್‌ಡೌನ್ ಮಾಡಿ ಆನ್ ಮಾಡಿದರೆ ಎಲ್ಲ ಹೊಸದಾಗಿ ಶುರುವಾಗುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಕರ್ನಲ್‌ನ ಸ್ಥಿತಿ ಡಿಸ್ಕ್‌ನಲ್ಲಿ ಉಳಿದು ಹಾಗೆಯೇ ಮರಳುತ್ತದೆ. ಪರೀಕ್ಷೆ ನಡೆಸುವ ದಿನಗಳಲ್ಲಿ ಅದನ್ನು ಆಫ್ ಮಾಡಿ, ಇಲ್ಲವೇ ಪ್ರತಿ ಸಲ ರೀಸ್ಟಾರ್ಟ್ ಆರಿಸಿ.

ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್ ಇರುವವರಿಗೆ ಪ್ರತ್ಯೇಕ ಮಾತು. ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಹರಿದು ಇವುಗಳಲ್ಲಿ ಹಲವು ಅಸ್ಥಿರವಾದವು. ಗೇಮ್‌ಗಳಲ್ಲಿ ‘ವಿಡಿಯೊ ಮೆಮೊರಿ ಸಾಲದು’ ಎಂಬ ಸಂದೇಶ ಬಂದು ಜನ ಗ್ರಾಫಿಕ್ಸ್ ಕಾರ್ಡ್ ಅನ್ನು ಶಂಕಿಸಿದರು. 2024ರ ಆಗಸ್ಟ್‌ನಿಂದ ಬಂದ ಮೈಕ್ರೋಕೋಡ್ (ಪ್ರೊಸೆಸರ್‌ನ ಒಳಗಿನ ತಂತ್ರಾಂಶ) ಪರಿಹಾರಗಳು ಬಯಾಸ್ ಅಪ್‌ಡೇಟ್‌ನಲ್ಲಿ ಸೇರಿವೆ, ಹಾಕಿಸಿಕೊಳ್ಳಲೇಬೇಕು. ಆದರೆ ಆಗಲೇ ಸವೆದ ಪ್ರೊಸೆಸರ್ ಅದರಿಂದ ಸರಿಹೋಗುವುದಿಲ್ಲ. ಅಂಥದ್ದನ್ನು ಬದಲಿಸಿಕೊಳ್ಳಲೆಂದೇ ಇಂಟೆಲ್ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿದೆ. ಬಯಾಸ್ ಮುಟ್ಟುವ ಮೊದಲು ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯವಾದ ಬಿಟ್‌ಲಾಕರ್‌ನ 48 ಅಂಕಿಗಳ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅಪ್‌ಡೇಟ್ ಆದ ಮೇಲೆ ಯಂತ್ರ ಅದನ್ನು ಕೇಳಬಹುದು, ಆ ಕೀಲಿ ಇಲ್ಲದಿದ್ದರೆ ಡಿಸ್ಕ್ ತೆರೆಯುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ತೊಂದರೆ ಉಳಿದರೆ ಡಿಸಮ್ ಮತ್ತು ಎಸ್‌ಎಫ್‌ಸಿ ಆಜ್ಞೆಗಳಿಂದ ವಿಂಡೋಸ್ ಫೈಲ್‌ಗಳನ್ನು ದುರಸ್ತಿ ಮಾಡಿ, ಡಿಸಮ್ ಮೊದಲು, ಎಸ್‌ಎಫ್‌ಸಿ ಆಮೇಲೆ. ಫಾರ್ಮ್ಯಾಟ್‌ನ ಸರದಿ ಬರುವುದು ಇಲ್ಲಿ, ಅದೂ ಒಂದು ಪರೀಕ್ಷೆಯಾಗಿ. ಮಿನಿಡಂಪ್ ಫೋಲ್ಡರ್ ಅನ್ನು ಹೊರಗೆ ನಕಲು ಮಾಡಿಕೊಂಡು ವಿಂಡೋಸ್ ಹೊಸದಾಗಿ ಹಾಕಿ. ಬೋರ್ಡ್ ಮತ್ತು ಗ್ರಾಫಿಕ್ಸ್ ಡ್ರೈವರ್ ಬಿಟ್ಟು ಬೇರೇನನ್ನೂ ಸೇರಿಸದೆ ಕೆಲವು ದಿನ ಬಳಸಿ. ಆ ಬರಿಯ ವಿಂಡೋಸ್ ಮೇಲೂ ಕ್ರ್ಯಾಶ್ ಬಂದರೆ ದೋಷ ಬಹುತೇಕ ಹಾರ್ಡ್‌ವೇರ್‌ನದು. ಬರದಿದ್ದರೆ ಹಳೆಯ ತಂತ್ರಾಂಶಗಳನ್ನು ಒಂದೊಂದಾಗಿ, ನಡುವೆ ಎರಡು ಮೂರು ದಿನ ಬಿಟ್ಟು ಹಾಕುತ್ತ ಹೋಗಿ, ಯಾವುದು ಹಾಕಿದ ಮೇಲೆ ಕ್ರ್ಯಾಶ್ ಮರಳಿತು ಎಂದು ಗುರುತು ಮಾಡಿಕೊಳ್ಳಿ.

ಇಂತಿ,
ಕಂಪ್ಯೂಟರ್ ದುರಸ್ತಿ ವೃತ್ತಿಯಲ್ಲಿರುವ ಓದುಗರು