ತರಕಾರಿ ಬಂದರೆ ಸಾಲದು, ಅನ್ನ ಜಾಗ ಬಿಡಬೇಕು

ಮಾನ್ಯ ಸಂಪಾದಕರೇ,

ಬೊಜ್ಜಿನ ಮಾತು ಬಂದಾಗಲೆಲ್ಲ ‘ತರಕಾರಿ ಹೆಚ್ಚು ತಿನ್ನಿ’ ಎಂಬ ಸಲಹೆಯನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಸಲಹೆ ಸರಿಯೇ, ಆದರೆ ಅದು ಅರ್ಧ ಮಾತು. ಆ ಅರ್ಧವನ್ನೇ ನಂಬಿ ಮೂರು ತಿಂಗಳು ಕಳೆದುಕೊಂಡವನು ನಾನು. ಉಳಿದರ್ಧವನ್ನು ಹೇಳಲು ಈ ಪತ್ರ.

ದಾವಣಗೆರೆ ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ 27 ವರ್ಷಗಳಿಂದ ಗುಮಾಸ್ತನಾಗಿದ್ದೇನೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಬೆಳಿಗ್ಗೆ ಕುಳಿತರೆ ಏಳುವುದು ರಾತ್ರಿಗೇ. ವಯಸ್ಸು 51, ಎತ್ತರ 166 ಸೆಂ.ಮೀ. ಹೋದ ವರ್ಷ ಯುಗಾದಿಯ ಹೊತ್ತಿಗೆ ತೂಕ 91 ಕಿಲೊ, ಹೊಟ್ಟೆಯ ಸುತ್ತಳತೆ 108 ಸೆಂ.ಮೀ. ಇತ್ತು. ನಮ್ಮ ದೇಶದ ಗಂಡಸರಿಗೆ ಈ ಸುತ್ತಳತೆ 90 ದಾಟಬಾರದು ಎನ್ನುತ್ತಾರೆ. ಮಂಡಿನೋವಿಗೆಂದು ಹೋದಾಗ ವೈದ್ಯರು, ತೂಕ ಇಳಿಸಿ, ತರಕಾರಿ ಜಾಸ್ತಿ ಮಾಡಿ ಎಂದು ಹೇಳಿ ಕಳುಹಿಸಿದರು.

ಅಂದಿನಿಂದ ಮನೆಯಲ್ಲಿ ದಿನವೂ ಎರಡು ಪಲ್ಯ. ಬದನೆಕಾಯಿ ಎಣ್ಣೆಗಾಯಿ, ಶೇಂಗಾಪುಡಿ ಹಾಕಿದ ಚವಳಿಕಾಯಿ, ಆಲೂಗಡ್ಡೆ. ಮೂರು ರೊಟ್ಟಿ ಮೂರಾಗಿಯೇ ಉಳಿದವು, ಅನ್ನವೂ ಮೊದಲಿನಷ್ಟೇ. ಸಂಜೆಯ ಮಂಡಕ್ಕಿ, ಮಿರ್ಚಿಯೂ ತಪ್ಪಲಿಲ್ಲ. ಮೂರು ತಿಂಗಳ ನಂತರ ತೂಕ ಹಾಕಿದರೆ ತೊಂಬತ್ತೆರಡೂವರೆ.

ಆಮೇಲೆ ಆಹಾರತಜ್ಞೆಯೊಬ್ಬರ ಬಳಿ ಹೋದೆ. ಅವರು ತರಕಾರಿಯನ್ನು ಕೇಳಲೇ ಇಲ್ಲ. ‘ತಿಂಗಳಿಗೆ ಎಣ್ಣೆ ಎಷ್ಟು ತರುತ್ತೀರಿ?’ ಎಂದರು. ನಾಲ್ಕು ಜನಕ್ಕೆ ಐದು ಲೀಟರ್. ಲೆಕ್ಕ ನನ್ನ ಕಸುಬು, ಅಲ್ಲೇ ಹಾಕಿದೆ: ತಲೆಗೆ ದಿನಕ್ಕೆ ಸುಮಾರು 38 ಗ್ರಾಂ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿಯಂತೆ 340ರ ಆಸುಪಾಸು. ಎರಡು ಕಿಲೊ ಸೌತೆಕಾಯಿ ತಿಂದರೂ ಅಷ್ಟಾಗುವುದಿಲ್ಲ! ತರಕಾರಿಯಲ್ಲಿ ಹೆಚ್ಚಿನ ಪಾಲು ನೀರು, ಜೊತೆಗೆ ನಾರು. ಹೊಟ್ಟೆ ತುಂಬಿಸುತ್ತದೆ, ಕ್ಯಾಲೊರಿ ಕಡಿಮೆ. ಆದರೆ ಅದು ತಾನಾಗಿ ಬೊಜ್ಜು ಕರಗಿಸುವ ಔಷಧಿಯಲ್ಲ. ಅದು ಬಂದಾಗ ಅನ್ನ, ರೊಟ್ಟಿ, ಎಣ್ಣೆ ಹಿಂದೆ ಸರಿದರೆ ಮಾತ್ರ ತೂಕ ಇಳಿಯುತ್ತದೆ. ಇದನ್ನು ಮೊದಲೇ ಯಾರಾದರೂ ಬಿಡಿಸಿ ಹೇಳಬೇಕಿತ್ತು.

ಒಂದು ವಾರ ಅಡುಗೆಗೆ ಕತ್ತರಿಸಿದ ತರಕಾರಿಯನ್ನು ಮನೆಯಲ್ಲಿ ತೂಗಿ ನೋಡಿದೆವು. ಆಲೂಗಡ್ಡೆ ಬಿಟ್ಟರೆ ನಾಲ್ಕು ಜನಕ್ಕೆ ದಿನಕ್ಕೆ 700 ಗ್ರಾಂ ಮಾತ್ರ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, 2000 ಕ್ಯಾಲೊರಿಯ ಊಟದಲ್ಲಿ ಸೊಪ್ಪೂ ಸೇರಿ 400 ಗ್ರಾಂ ತರಕಾರಿ ಇರಬೇಕು. ಅದರ ಅರ್ಧವೂ ನಮ್ಮಲ್ಲಿರಲಿಲ್ಲ.

ಈಗ ಊಟಕ್ಕೆ ಕುಳಿತ ಕೂಡಲೇ ಒಂದು ಬಟ್ಟಲು ಪಚ್ಚಡಿ: ಸೌತೆಕಾಯಿ, ಮೂಲಂಗಿ, ಮೆಂತ್ಯ ಸೊಪ್ಪು, ಮೇಲೆ ನಿಂಬೆರಸ. ಆಮೇಲೆ ಒಂದೂವರೆ ರೊಟ್ಟಿಗೆ ತಟ್ಟೆ ತುಂಬ ಹೀರೇಕಾಯಿಯೋ ಪುಂಡಿ ಸೊಪ್ಪೋ. ಅನ್ನ ಕೊನೆಗೆ, ಒಂದೇ ಸೌಟು. ನನ್ನ ಹೆಂಡತಿ ಒಗ್ಗರಣೆಯನ್ನು ಚಮಚದಲ್ಲಿ ಅಳೆದು ಹಾಕುತ್ತಾಳೆ. ಎಣ್ಣೆ ಎರಡೂವರೆ ಲೀಟರಿಗೆ ಇಳಿದಿದೆ. ರುಚಿ ಹೋಗದಂತೆ ಇಷ್ಟನ್ನೂ ಸಾಧಿಸಿದ ಶ್ರೇಯ ಪೂರ್ತಿ ಅವಳದೇ. ಸಂಜೆ ಡಬ್ಬಿಯಲ್ಲಿ ಗಜ್ಜರಿ ಒಯ್ಯುತ್ತೇನೆ, ಹಮಾಲರೂ ಎರಡು ತುಂಡು ತೆಗೆದುಕೊಳ್ಳುತ್ತಾರೆ. ಮಂಡಕ್ಕಿಯನ್ನು ಬಿಟ್ಟಿಲ್ಲ, ವಾರಕ್ಕೊಮ್ಮೆ, ಮಿರ್ಚಿಯಿಲ್ಲದೆ. ಹದಿಮೂರು ತಿಂಗಳಲ್ಲಿ ತೂಕ 83ಕ್ಕೆ ಬಂದಿದೆ, ಸುತ್ತಳತೆ 98. ಇನ್ನೂ ಇಳಿಯಬೇಕು. ಮೂತ್ರಪಿಂಡದ ತೊಂದರೆಯೋ ಸಕ್ಕರೆ ಕಾಯಿಲೆಯ ಮಾತ್ರೆಯೋ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಊಟ ಬದಲಿಸಬೇಕು.

ಕಷ್ಟ ಬರುವುದು ಮನೆಯ ಹೊರಗೆ. ಖಾನಾವಳಿಗಳಲ್ಲಿ ಅನ್ನವನ್ನು ಬೇಡವೆಂದರೂ ಬಡಿಸುತ್ತಾರೆ, ಪಲ್ಯ ಮಾತ್ರ ನಿಂಬೆಹಣ್ಣಿನ ಗಾತ್ರ. ಎರಡನೇ ಸಲ ಕೇಳಿದರೆ ಬಡಿಸುವವರ ಮುಖ ಬದಲಾಗುತ್ತದೆ. ಬೀನ್ಸ್ ದುಬಾರಿಯಾದ ದಿನ ಮಾಲೀಕರಿಗೆ ಕಷ್ಟವೆಂದು ಬಲ್ಲೆ. ಆದರೆ ಸೋರೆಕಾಯಿ, ಎಲೆಕೋಸು, ಮೂಲಂಗಿ ಇವೆಯಲ್ಲ? ಅರ್ಧ ಅನ್ನ, ಎರಡು ಪಾಲು ಪಲ್ಯದ ಊಟವನ್ನು ಅದೇ ದರಕ್ಕೆ ಕೊಟ್ಟು ನೋಡಲಿ ಎಂದು ಊರಿನ ಖಾನಾವಳಿಯವರನ್ನು ಕೇಳಿಕೊಳ್ಳುತ್ತೇನೆ. ನಿಮ್ಮಲ್ಲೂ ಒಂದು ಕೋರಿಕೆ: ಅಡುಗೆಯ ಅಂಕಣದಲ್ಲಿ ‘ಎಣ್ಣೆ ಬೇಕಾದಷ್ಟು’ ಎಂದು ಅಚ್ಚು ಹಾಕಬೇಡಿ. ಎಷ್ಟು ಚಮಚ ಎಂದು ಬರೆಯಿಸಿ.

ಬರುವ ವಾರ ನಮ್ಮ ಮಾಲೀಕರ ಮಗಳ ಮದುವೆ, ಊಟದ ಉಸ್ತುವಾರಿ ನನ್ನದು. ಕೋಸಂಬರಿ ಮತ್ತು ಎರಡು ಬಗೆಯ ಪಲ್ಯವನ್ನು ಎರಡು ಸುತ್ತು ಬಡಿಸಿದ ಮೇಲೆಯೇ ಅನ್ನ ತರಬೇಕೆಂದು ಅಡುಗೆಯವರಿಗೆ ಹೇಳಿದ್ದೇನೆ. ಅವರು ಒಪ್ಪಿದ್ದಾರೆ.

— ದಲಾಲಿ ಅಂಗಡಿಯ ಗುಮಾಸ್ತ, ದಾವಣಗೆರೆ