ಬಾಗಿಲೊಳಗಿನ ನೀರಿಗೆ ದಾರಿ ಬಿಡಿ

ಮಾನ್ಯ ಸಂಪಾದಕರೆ,

ಕಳೆದ ಭಾನುವಾರದ ಪುರವಣಿಯಲ್ಲಿ ಹಳೆಯ ಕಾರುಗಳ ಮಳೆಗಾಲದ ಆರೈಕೆಯ ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಬಣ್ಣ, ಕ್ರೋಮ್, ಬ್ಯಾಟರಿಗಳ ಬಗ್ಗೆ ಅದರಲ್ಲಿರುವ ಮಾತುಗಳಿಗೆ ನನ್ನ ತಕರಾರಿಲ್ಲ. ಆದರೆ ಬಾಗಿಲಿನ ಗಾಜನ್ನು ಮರಳಿ ಕೂರಿಸುವಾಗ ಬಾಗಿಲಿನ ಕೆಳಅಂಚಿನ ತೂತುಗಳನ್ನು ಸಿಲಿಕೋನ್ ಹಾಕಿ ಮುಚ್ಚಿಬಿಟ್ಟರೆ ನೀರಿನ ಕಾಟ ತಪ್ಪುತ್ತದೆ ಎಂಬ ಸಲಹೆ ಪೂರ್ತಿ ತಪ್ಪು. ಅದನ್ನು ನಂಬಿ ಯಾರಾದರೂ ಕೆಲಸಕ್ಕೆ ಕೈಹಾಕುವ ಮೊದಲೇ ಈ ಪತ್ರ ಬರೆಯಬೇಕೆನಿಸಿತು.

ಗಾಜು ಮೇಲೆ ಕೆಳಗೆ ಸರಿದಾಡುವ ಬಾಗಿಲನ್ನು ನೀರೇ ಒಳಗೆ ಹೋಗದಂತೆ ಯಾರೂ ಮಾಡಿರುವುದಿಲ್ಲ. ಗಾಜು ಸರಿದಾಡಬೇಕಾದರೆ ಅದರ ಬುಡದಲ್ಲಿ ಸಂದು ಇರಲೇಬೇಕು. ಹೊರಮಗ್ಗುಲಿನ ರಬ್ಬರ್ ಪಟ್ಟಿ ಗಾಜನ್ನು ಒರೆಸುತ್ತದೆಯೇ ಹೊರತು ನೀರನ್ನು ತಡೆದು ನಿಲ್ಲಿಸುವುದಿಲ್ಲ. ಆದ್ದರಿಂದ ಮಳೆಯ ನೀರು ಗಾಜಿನ ಮೇಲೆ ಹರಿದು ಬಾಗಿಲಿನ ಹೊಟ್ಟೆಗಿಳಿದು, ತಗಡಿನ ಕೆಳಅಂಚಿನಲ್ಲಿರುವ ತೂತುಗಳಿಂದ ಹೊರಬೀಳಬೇಕು ಎಂಬ ಲೆಕ್ಕದಲ್ಲಿಯೇ ಬಾಗಿಲನ್ನು ಕಟ್ಟಿರುತ್ತಾರೆ. ಆ ತೂತುಗಳನ್ನು ಮುಚ್ಚುವುದೆಂದರೆ ಮನೆಯ ಬಚ್ಚಲುಕಂಡಿಗೆ ಬಟ್ಟೆ ತುರುಕಿದ ಹಾಗೆ. ನಿಂತ ನೀರು ತಗಡನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಉಬ್ಬಿದ್ದು ಕಾಣುವ ಹೊತ್ತಿಗೆ ಒಳಗೆ ಉಳಿದಿರುವುದು ತುಕ್ಕು ಮಾತ್ರ.

ಇದನ್ನು ನಾನು ದುಡ್ಡು ತೆತ್ತು ಕಲಿತವನು. ನಮ್ಮ ಸೋದರಮಾವನವರಿಂದ ನನಗೆ ಬಂದ ಎಂಜಿಬಿ ರೋಡ್‌ಸ್ಟರ್, ಅಂದರೆ ಬಟ್ಟೆಯ ಟಾಪಿನ ತೆರೆದ ಕಾರೊಂದು, ಮಡಿಕೇರಿಯ ಮಳೆಯಲ್ಲಿ ವರ್ಷಗಟ್ಟಲೆ ನಿಂತಿತ್ತು. ಬಣ್ಣಕ್ಕೆಂದು ಗಾಜು ಬಿಚ್ಚಿದ ಗ್ಯಾರೇಜಿನವರು, ಅದರ ಹೆಸರು ಇಲ್ಲಿ ಬೇಡ, ಗಾಜನ್ನು ಮರಳಿ ಕೂರಿಸುವಾಗ ಇದೇ ಸಿಲಿಕೋನ್ ಉಪಾಯ ಮಾಡಿದರು. ಎರಡನೆಯ ಮಳೆಗಾಲದಲ್ಲಿ ಬಾಗಿಲು ತೆರೆದಾಗಲೆಲ್ಲ ಒಳಗೆ ಕೊಡದ ನೀರು ತುಳುಕಿದಂತೆ ಸದ್ದಾಗುತ್ತಿತ್ತು. ಕೊನೆಗೆ ಟಿಂಕರ್ ಕೆಲಸದವರು ಬಾಗಿಲಿನ ಕೆಳಭಾಗದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯಬೇಕಾಯಿತು. ಗಾಜನ್ನು ಈ ಸಲ ನಾನೇ ಕೂರಿಸುತ್ತೇನೆಂದು ಹಟ ಹಿಡಿದೆ.

ಇಂಗ್ಲೆಂಡಿನ ಆ್ಯಬಿಂಗ್‌ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಈ ಕಾರಿಗೂ ಅದಕ್ಕಿಂತ ಹಿಂದಿನ ಎಂಜಿಎ ರೋಡ್‌ಸ್ಟರಿಗೂ ಇರುವ ದೊಡ್ಡ ವ್ಯತ್ಯಾಸಗಳಲ್ಲಿ ಈ ಗಾಜೂ ಒಂದು. ಎಂಜಿಎಯ ಬಾಗಿಲಿನಲ್ಲಿ ಏರಿಸಿ ಇಳಿಸುವ ಗಾಜೇ ಇರಲಿಲ್ಲ, ಸಿಕ್ಕಿಸಿ ತೆಗೆಯುವ ಪರದೆಗಳಿದ್ದವು. ಹೊರಗೆ ಹಿಡಿಕೆಯೂ ಇರಲಿಲ್ಲ. ಬಾಗಿಲು ತೆಗೆಯಬೇಕಾದರೆ ಕೈಯನ್ನು ಒಳಗೇ ತೂರಿಸಬೇಕಿತ್ತು. ಎಂಜಿಬಿಗೆ ಹಿಡಿಕೆ ತಿರುಗಿಸಿ ಏರಿಸುವ ಗಾಜು ಬಂತು, ಆದರೆ ರೋಡ್‌ಸ್ಟರ್ ಆದ್ದರಿಂದ ಗಾಜಿನ ಸುತ್ತ ಚೌಕಟ್ಟಿಲ್ಲ. ಮುಂದಿನ ತ್ರಿಕೋನದ ಪುಟ್ಟ ಗಾಜಿನ ಕಂಬ ಮತ್ತು ಹಿಂದೆ ಬಾಗಿಲೊಳಗೇ ಅಡಗಿರುವ ಗಿಡ್ಡ ಚಾನೆಲ್ (ಗಾಜು ಜಾರುವ ತಗಡಿನ ತೋಡು) ಇವೆರಡರ ಆಸರೆಯಲ್ಲಿ ಗಾಜು ಒಂಟಿಯಾಗಿ ನಿಲ್ಲುತ್ತದೆ. ಅಂಬಾಸಿಡರ್, ಪದ್ಮಿನಿಗಳಂಥ ಚೌಕಟ್ಟಿನ ಬಾಗಿಲುಗಳಲ್ಲಿ ಪಳಗಿದ ಕೈ ಇಲ್ಲಿ ಎಡವುವುದು ಈ ಕಾರಣಕ್ಕೇ.

ಗಾಜಿನ ಕೆಳಅಂಚಿಗೆ ರಬ್ಬರ್ ಪಟ್ಟಿ ಸುತ್ತಿ, ಸೋಪಿನ ನೀರು ಸವರಿ, ಗಾಜಿನ ಬುಡವನ್ನು ಹಿಡಿಯುವ ಇನ್ನೊಂದು ಉಕ್ಕಿನ ಚಾನೆಲನ್ನು ಮರದ ತುಂಡಿನಿಂದ ಮೆಲ್ಲಗೆ ತಟ್ಟುತ್ತ ಕೂರಿಸಬೇಕು. ಗಾಜಿನ ಮುಂದಿನ ಅಂಚಿನಿಂದ ಈ ಚಾನೆಲ್ ಎಷ್ಟು ದೂರದಲ್ಲಿತ್ತೆಂಬುದನ್ನು ಬಿಚ್ಚುವ ಮೊದಲೇ ಅಳೆದು ಬರೆದಿಟ್ಟುಕೊಳ್ಳಬೇಕು. ಅದು ಸ್ವಲ್ಪ ಹಿಂದೆ ಮುಂದಾದರೂ ಗಾಜು ಒಂದು ಮಗ್ಗುಲಿಗೆ ವಾಲಿ ಅರ್ಧಕ್ಕೇ ಸಿಕ್ಕಿಹಾಕಿಕೊಳ್ಳುತ್ತದೆ. ಗಾಜನ್ನು ಬಾಗಿಲೊಳಗೆ ಇಳಿಸಿ, ನಮ್ಮ ಮೆಕ್ಯಾನಿಕ್‌ಗಳು ಗ್ಲಾಸ್ ಮೆಷಿನ್ ಎನ್ನುವ ಎತ್ತುಯಂತ್ರದ ತೋಳುಗಳನ್ನು ಆ ಚಾನೆಲಿಗೆ ಸೇರಿಸಿದ ಮೇಲೆ ಎಲ್ಲರಿಂದಲೂ ಆಗುವ ತಪ್ಪೊಂದಿದೆ: ಸಿಕ್ಕ ಸಿಕ್ಕ ಸ್ಕ್ರೂವನ್ನು ಆಗಲೇ ಬಿಗಿದುಬಿಡುವುದು. ಹಾಗೆ ಬಿಗಿದರೆ ಮುಂದಿನ ಕಂಬ, ಹಿಂದಿನ ಚಾನೆಲ್, ಮೆಷಿನ್ ಮೂರೂ ತಂತಮ್ಮ ದಿಕ್ಕಿಗೆ ಗಾಜನ್ನು ಜಗ್ಗುತ್ತವೆ. ಹಿಡಿಕೆ ಗಟ್ಟಿಯಾಗಿದ್ದಕ್ಕೆ ಗ್ರೀಸ್ ಸಾಲದೆಂದು ನಾವು ದೂರುತ್ತೇವೆ. ಎಲ್ಲ ಸ್ಕ್ರೂಗಳನ್ನೂ ಬೆರಳಿಗೆ ತಿರುಗುವಷ್ಟು ಸಡಿಲ ಬಿಟ್ಟು, ಗಾಜನ್ನು ಪೂರ್ತಿ ಏರಿಸಿ, ಬಟ್ಟೆಯ ಟಾಪ್ ಹಾಕಿ, ಬಾಗಿಲು ಮುಚ್ಚಿ, ಗಾಜಿನ ಮೇಲಂಚು ಟಾಪಿನ ರಬ್ಬರಿಗೆ ಉದ್ದಕ್ಕೂ ಒಂದೇ ಸಮ ತಾಗುತ್ತದೆಯೇ ಎಂದು ನೋಡಿ, ಆ ನಿಲುವಿನಲ್ಲಿಯೇ ಒಂದೊಂದಾಗಿ ಬಿಗಿಯುತ್ತ ಬರಬೇಕು. ನನಗೆ ಒಂದು ಬಾಗಿಲಿಗೆ ಎರಡು ದಿನ ಹಿಡಿಯಿತು. ಎರಡನೆಯದಕ್ಕೆ ಒಂದು ಮಧ್ಯಾಹ್ನ ಸಾಕಾಯಿತು.

ಗ್ರೀಸಿನ ಮಾತು ಬಂತಾದ್ದರಿಂದ ಹೇಳುತ್ತೇನೆ, ಅದು ಮೆಷಿನ್ನಿನ ಹಲ್ಲುಗಳಿಗೂ ತೋಳುಗಳ ತುದಿಗೂ ಸಾಕು. ಗಾಜು ಜಾರುವ ಫೆಲ್ಟಿಗೆ (ಚಾನೆಲಿನೊಳಗಿನ ಉಣ್ಣೆಬಟ್ಟೆಯಂಥ ಪಟ್ಟಿಗೆ) ಎಣ್ಣೆ, ಗ್ರೀಸು ತಾಗಿದರೆ ಧೂಳು ಕಚ್ಚಿಕೊಂಡು ಗಾಜಿನ ಮೇಲೆ ಗೀರು ಬೀಳುತ್ತದೆ.

ಗಾಜು ಒಡೆದಿದ್ದರೆ ಪೇಟೆಯ ಗಾಜಿನಂಗಡಿಯಲ್ಲಿ ಅದೇ ಆಕಾರಕ್ಕೆ ಕತ್ತರಿಸಿ ಹಾಕಿಸಬಹುದೆಂದು ಲೇಖನದಲ್ಲಿ ಸೂಚನೆಯಿತ್ತು. ಇದೂ ಸರಿಯಲ್ಲ. ಕಾರಿನ ಬಾಗಿಲಿಗೆ ಬರುವ ಟಫನ್ಡ್ ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ಗಾಳಿ ಊದಿ ಥಟ್ಟನೆ ತಣಿಸಿರುತ್ತಾರೆ. ಹಾಗಾಗಿ ಅದು ಒಡೆದಾಗ ಚೂರಿಯಂಥ ಸೀಳುಗಳಾಗದೆ ಕಲ್ಲುಸಕ್ಕರೆಯಂಥ ಹರಳುಗಳಾಗಿ ಉದುರುತ್ತದೆ. ಇದನ್ನು ಆಮೇಲೆ ಕತ್ತರಿಸಲೂ ಬರುವುದಿಲ್ಲ, ತೂತು ಕೊರೆಯಲೂ ಬರುವುದಿಲ್ಲ. ಮೊದಲೇ ಆಕಾರ ಕೊಟ್ಟು ನಂತರ ಕಾಯಿಸಬೇಕು. ಅಂಗಡಿಯವರು ನಿಂತಲ್ಲೇ ಕತ್ತರಿಸಿಕೊಟ್ಟರೆಂದರೆ ಅದು ಮನೆಯ ಕಿಟಕಿಯ ಗಾಜು ಎಂದೇ ಅರ್ಥ. ಅಪಘಾತದಲ್ಲಿ ಅದು ಕುತ್ತಿಗೆಯ ಪಕ್ಕದಲ್ಲೇ ಒಡೆಯುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮವೂ ಕಾರಿನ ಕಿಟಕಿಗಳಿಗೆ ಸುರಕ್ಷತಾ ದರ್ಜೆಯದಲ್ಲದ ಗಾಜು ಹಾಕಲು ಬಿಡುವುದಿಲ್ಲ. ಎಂಜಿಬಿ ಲಕ್ಷಗಟ್ಟಲೆ ತಯಾರಾದ ಕಾರಾದ್ದರಿಂದ ಅದರ ಬಿಡಿಭಾಗಗಳು ಇಂಗ್ಲೆಂಡಿನಲ್ಲಿ ಇಂದಿಗೂ ದೊರೆಯುತ್ತವೆ. ತರಿಸಲು ಖರ್ಚಾಗುತ್ತದೆ ನಿಜ, ಆದರೂ ಅದೇ ದಾರಿ. ಟಫನ್ಡ್ ಗಾಜಿನ ಅಂಚು ಮಾತ್ರ ಬಹಳ ಸೂಕ್ಷ್ಮವಾದದ್ದು. ಬಿಚ್ಚಿದ ಗಾಜನ್ನು ಸಿಮೆಂಟಿನ ನೆಲದ ಮೇಲೆ ಅಂಚೂರಿ ನಿಲ್ಲಿಸದೆ ಹಳೆಯ ಕಂಬಳಿಯ ಮೇಲೆ ಮಲಗಿಸಬೇಕು.

ಕೊನೆಯದಾಗಿ, ಬಾಗಿಲಿನ ಒಳಹೊದಿಕೆಯ ಹಿಂದೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆ. ಕೆಲಸ ಮುಗಿಯುವ ಆತುರದಲ್ಲಿ ಅನೇಕರು ಅದನ್ನು ಹರಿದು ಎಸೆಯುತ್ತಾರೆ. ಬಾಗಿಲೊಳಗೆ ಇಳಿಯುವ ನೀರು ಸೀಟಿನ ಕಡೆಗೆ ಬಾರದಂತೆ ತಡೆಯುವುದು ಆ ಹಾಳೆ. ಹರಿದಿದ್ದರೆ ದಪ್ಪನೆಯ ಹೊಸ ಹಾಳೆಯನ್ನು ಕತ್ತರಿಸಿ, ಅದರ ಕೆಳಅಂಚು ಬಾಗಿಲಿನ ಒಳಕ್ಕೇ ಇಳಿಬಿದ್ದಿರುವಂತೆ ಅಂಟಿಸಬೇಕು. ಸಿಲಿಕೋನ್ ಹಚ್ಚಬೇಕೆಂಬ ಆಸೆ ಇದ್ದವರು ಈ ಹಾಳೆಯ ಸುತ್ತ ಧಾರಾಳವಾಗಿ ಹಚ್ಚಲಿ.

ತಮ್ಮ ಪುರವಣಿಯನ್ನು ಮಲೆನಾಡು, ಕರಾವಳಿಗಳಲ್ಲಿ ಹಳೆಯ ಕಾರುಗಳಿರುವ ಮನೆಯವರೂ ಓದುತ್ತಾರೆ. ಆದ್ದರಿಂದ ಮುಂದಿನ ಭಾನುವಾರವೇ ಒಂದು ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ. ಈಗಾಗಲೇ ತೂತು ಮುಚ್ಚಿಸಿಕೊಂಡವರು ತೆಳ್ಳನೆಯ ಸ್ಕ್ರೂಡ್ರೈವರ್ ಹಿಡಿದು ಸಿಲಿಕೋನನ್ನು ಕೆರೆದು ತೆಗೆದರೆ ಸಾಕು. ಹಾಗೆ ತೆಗೆಯುವಾಗ ಕೆಳಗೊಂದು ಬಕೆಟ್ ಇಟ್ಟುಕೊಳ್ಳುವುದು ಒಳ್ಳೆಯದು.

ಇತಿ ತಮ್ಮ ವಿಶ್ವಾಸಿ,
ಓದುಗ, ಮಡಿಕೇರಿ