ಬಿಚ್ಚಿ ಸರಿಪಡಿಸಲು ಬರುವಂತೆ ಕಟ್ಟು

ಬೆಂಗಳೂರು

ಚಿ|| ಪುಟ್ಟಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ನಿನಗೆ ಹಾರ್ಡ್‌ವೇರ್ ವಿನ್ಯಾಸದ ಕೆಲಸವೇ ಸಿಕ್ಕಿತೆಂದು ನಿನ್ನಪ್ಪ ಫೋನಿನಲ್ಲಿ ಹೇಳಿದಾಗ ಬಹಳ ಸಂತೋಷವಾಯಿತು. ನೌಕರಿಯ ಕಾಲವನ್ನೆಲ್ಲ ಪವರ್ ಸಪ್ಲೈಗಳ ವಿನ್ಯಾಸದಲ್ಲೇ ಕಳೆದ ನಾನು ನಿನಗೆ ಹೇಳಲೇಬೇಕಾದ ಮಾತೊಂದಿದೆ. ಕೆಟ್ಟುಹೋದ ಉಪಕರಣ ರಿಪೇರಿಯಾಗುತ್ತದೆಯೋ ಇಲ್ಲವೋ ಎಂಬುದು ರಿಪೇರಿ ಅಂಗಡಿಯಲ್ಲಿ ತೀರ್ಮಾನವಾಗುವುದಿಲ್ಲ. ಅದು ಮಾರುಕಟ್ಟೆಗೆ ಬರುವ ಎಷ್ಟೋ ಮೊದಲೇ, ನಿನ್ನಂಥ ಕಿರಿಯ ಎಂಜಿನಿಯರುಗಳ ಮೇಜಿನ ಮೇಲೆ, ಯಾರೂ ಅಷ್ಟಾಗಿ ಗಮನಿಸದ ಸಣ್ಣ ಆಯ್ಕೆಗಳಲ್ಲಿ ತೀರ್ಮಾನವಾಗಿಬಿಟ್ಟಿರುತ್ತದೆ. ಆದ್ದರಿಂದ ಇದೆಲ್ಲ ಮೇಲಿನವರ ವಿಚಾರ, ತನ್ನ ಕೈಯಲ್ಲೇನಿದೆ ಎಂದು ನೀನು ಎಂದೂ ಅಂದುಕೊಳ್ಳಬೇಡ.

ವಿದ್ಯುತ್ತನ್ನು ಹಿಡಿದಿಟ್ಟು ಬಿಡುವ ಪುಟ್ಟ ಬಿಡಿಭಾಗವಾದ ಎಲೆಕ್ಟ್ರೋಲಿಟಿಕ್ ಕೆಪಾಸಿಟರನ್ನೇ ತೆಗೆದುಕೋ. ಅದರೊಳಗಿನ ದ್ರವ ಬಿಸಿಗೆ ಮೆಲ್ಲಗೆ ಆರುತ್ತಾ ಹೋಗುತ್ತದೆ. ಉಷ್ಣತೆ ಹತ್ತು ಡಿಗ್ರಿ ಇಳಿದರೆ ಆಯಸ್ಸು ಸುಮಾರು ಎರಡರಷ್ಟಾಗುತ್ತದೆಂಬುದು ನಮ್ಮ ಕಸುಬಿನ ಹಳೆಯ ಲೆಕ್ಕ. 105 ಡಿಗ್ರಿಯಲ್ಲಿ 2,000 ಗಂಟೆ ಎಂದು ಡೇಟಾಶೀಟಿನಲ್ಲಿ ನಮೂದಾಗಿರುವ ಕೆಪಾಸಿಟರನ್ನು ಬಿಸಿಯನ್ನು ಹೊರಹಾಕುವ ಹೀಟ್‌ಸಿಂಕಿನ ಪಕ್ಕದಲ್ಲಿಟ್ಟು 95 ಡಿಗ್ರಿಯಲ್ಲಿ ದುಡಿಸಿದರೆ ಅದು ಸುಮಾರು 4,000 ಗಂಟೆ ಬಾಳೀತು. ಅದನ್ನೇ ಗಾಳಿಯಾಡುವ ಕಡೆಗೆ ಸರಿಸಿ 75 ಡಿಗ್ರಿಗೆ ಇಳಿಸಿದರೆ 16,000 ಗಂಟೆ. ದಿನಕ್ಕೆ ಎಂಟು ಗಂಟೆ ನಡೆಯುವ ಟಿವಿಯಲ್ಲಿ, ಒಂದೂವರೆ ವರ್ಷ ತುಂಬುವ ಮೊದಲೇ ಸಾಯುವುದಕ್ಕೂ ಐದು ವರ್ಷ ದಾಟಿಯೂ ಬದುಕುವುದಕ್ಕೂ ಇರುವ ಅಂತರವೇ ಇದು. ಲೇಔಟ್ ಮಾಡುವ, ಅಂದರೆ ಬೋರ್ಡಿನ ಮೇಲೆ ಯಾವ ಭಾಗ ಎಲ್ಲಿ ಎಂದು ಗೊತ್ತುಮಾಡುವ ಹೊತ್ತಿನಲ್ಲಿ ಆ ಬಿಡಿಭಾಗವನ್ನು ಎರಡು ಸೆಂಟಿಮೀಟರ್ ಆಚೆ ಇಡುವುದಕ್ಕೆ ಹೆಚ್ಚಿನ ಪಾಲು ಸಂದರ್ಭಗಳಲ್ಲಿ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ. ಬೋರ್ಡು ಅಚ್ಚಾಗಿ ಬಂದ ಮೇಲೆ ಮಾತ್ರ ಯಾವ ದೊಡ್ಡ ಅಧಿಕಾರಿಯೂ ಅದನ್ನು ಸರಿಸಲಾರ.

2000ದ ದಶಕದ ಮೊದಲ ವರ್ಷಗಳಲ್ಲಿ ದೋಷವಿದ್ದ ಎಲೆಕ್ಟ್ರೋಲೈಟ್ ತುಂಬಿದ ಕೆಪಾಸಿಟರುಗಳಿಂದಾಗಿ ಜಗತ್ತಿನಾದ್ಯಂತ ಕಂಪ್ಯೂಟರುಗಳ ಮದರ್‌ಬೋರ್ಡುಗಳು ಕೈಕೊಟ್ಟವು. ಆದರೂ ಅವುಗಳಲ್ಲಿ ಎಷ್ಟೋ ಬೋರ್ಡುಗಳು ಮತ್ತೆ ಕೆಲಸ ಮಾಡಿದವು. ತಲೆ ಉಬ್ಬಿ, ಕಂದು ಬಣ್ಣದ ರಸ ಒಸರಿದ ಕೆಪಾಸಿಟರ್ ಬರಿಗಣ್ಣಿಗೇ ಕಾಣುತ್ತಿತ್ತು. ಅದರ ಮೈಮೇಲೆಯೇ ಮೈಕ್ರೋಫ್ಯಾರಡ್ ಎಷ್ಟು, ವೋಲ್ಟೇಜ್ ಎಷ್ಟು ಎಂದು ಅಚ್ಚಾಗಿತ್ತು. ಎರಡು ಕಾಲುಗಳ ಬೆಸುಗೆ ಬಿಡಿಸಿ, ನಮ್ಮ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರೋಡಿನಲ್ಲಿ ಕೆಲವೇ ರೂಪಾಯಿಗೆ ಸಿಗುತ್ತಿದ್ದ ಹೊಸದನ್ನು ಕೂರಿಸಿದರೆ ಮುಗಿಯಿತು. ಕೆಟ್ಟದ್ದು ಕಣ್ಣಿಗೆ ಕಾಣಬೇಕು, ಅದು ಏನೆಂದು ಗೊತ್ತಾಗಬೇಕು, ಕೈಗೆ ಎಟುಕಬೇಕು, ಬದಲಿ ಸಿಗಬೇಕು. ಇಷ್ಟಿದ್ದರೆ ತಯಾರಕರ ತಪ್ಪನ್ನೂ ಬೀದಿಬದಿಯ ಮೆಕ್ಯಾನಿಕ್ ತಿದ್ದಬಲ್ಲ. ಮಳೆಗಾಳಿಗೆ ಒಡ್ಡಿಕೊಂಡಿರುವ ಉಪಕರಣಗಳಿಗೆ ಬೋರ್ಡಿನ ಮೇಲೆ ರಾಳ ಸುರಿದು ಮುಚ್ಚುವುದು ಅಗತ್ಯವೇ. ಮನೆಯೊಳಗೆ ಟೇಬಲ್ಲಿನ ಮೇಲಿರುವ ಪೆಟ್ಟಿಗೆಗೂ ಅದನ್ನೇ ಮಾಡಿ, ಕೆಟ್ಟ ಭಾಗ ಕೈಗೆ ಎಟುಕದಂತೆ ಮಾಡುವುದನ್ನು ನಾನು ಒಪ್ಪುವುದಿಲ್ಲ.

ಬ್ಯಾಟರಿಯನ್ನು ಅಂಟು ಹಾಕಿಯೇ ಕೂರಿಸೆಂದು ನಿನ್ನನ್ನು ಎಲ್ಲರೂ ಒತ್ತಾಯಿಸುತ್ತಾರೆ. ಲಿಥಿಯಂ ಅಯಾನ್ ಬ್ಯಾಟರಿ ಸವೆಯುವ ವಸ್ತು. ಅದು ಫೋನಿನ ಉಳಿದ ಭಾಗಗಳಿಗಿಂತ ಮೊದಲು ಮುದಿಯಾಗುತ್ತದೆ. 2017ರ ಡಿಸೆಂಬರಿನಲ್ಲಿ, ಬ್ಯಾಟರಿ ಹಳತಾದ ಐಫೋನುಗಳು ತಾವಾಗಿಯೇ ಆರಿಹೋಗದಂತೆ ಅವುಗಳ ವೇಗವನ್ನು ಸಾಫ್ಟ್‌ವೇರಿನ ಮೂಲಕ ತಗ್ಗಿಸಿದ್ದಾಗಿ ಆಪಲ್ ಒಪ್ಪಿಕೊಂಡಿತು. ಅಮೆರಿಕದಲ್ಲಿ ಬ್ಯಾಟರಿ ಬದಲಿಸುವ ದರವನ್ನು 79 ಡಾಲರಿನಿಂದ 29 ಡಾಲರಿಗೆ ಇಳಿಸಿತು. ಫೋನು ಹಳತಾಯಿತು, ಹೊಸದು ಬೇಕು ಎಂದುಕೊಂಡಿದ್ದ ಎಷ್ಟೋ ಜನರಿಗೆ ಬೇಕಾಗಿದ್ದುದು ಹೊಸ ಬ್ಯಾಟರಿ ಮಾತ್ರವಾಗಿತ್ತು. ಇಷ್ಟೆಲ್ಲ ಗೊತ್ತಿದ್ದೂ ಅದನ್ನು ಗಟ್ಟಿ ಅಂಟು ಹಾಕಿ ಕೂರಿಸುತ್ತಾರೆ. ಅಂಥ ಬ್ಯಾಟರಿಯನ್ನು ಎಬ್ಬಿಸುವವನು ಬಿಸಿ ಕೊಟ್ಟು, ತೆಳ್ಳನೆಯ ಪಟ್ಟಿಯನ್ನು ಅಡಿಗೆ ತೂರಿಸಿ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಎತ್ತುತ್ತಾ ಹೋಗುವಾಗ ಅದು ಸ್ವಲ್ಪ ಮಡಿಚಿಕೊಂಡರೂ ತೂತಾದರೂ ಹೊಗೆಯೆದ್ದು ಉರಿಯಬಹುದು. ಎಳೆದರೆ ಹಿಗ್ಗಿ ಕಳಚಿಕೊಳ್ಳುವ ಅಂಟುಪಟ್ಟಿಗಳಿವೆ. ಅವುಗಳಿಗೆ ತುಸು ಹೆಚ್ಚು ಬೆಲೆ ತೆತ್ತರೆ ಈ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ.

ನೀರು ಒಳಗೆ ಹೋಗದಿರಬೇಕಾದರೆ ಅಂಟು ಬೇಕೇ ಬೇಕು ಎಂದು ನಿನಗೆ ಹೇಳುವರು. ತೆಳುವಾದ ಮೈ, ನೀರಿನ ತಡೆ ಇವೆರಡೂ ಜನರು ನಿಜವಾಗಿಯೂ ಕೇಳುವ ಗುಣಗಳೇ, ಅವನ್ನು ಹೀಗಳೆಯಬೇಡ. ಆದರೆ 2014ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್5 ಫೋನಿನ ಹಿಂಬದಿಯ ಮುಚ್ಚಳವನ್ನು ಉಗುರಿನಿಂದ ತೆಗೆದು ಬ್ಯಾಟರಿ ಬದಲಿಸಬಹುದಾಗಿತ್ತು, ಅದಕ್ಕೆ ನೀರು, ಧೂಳು ಒಳಗೆ ಹೋಗದಂತೆ ಐಪಿ67 ದರ್ಜೆಯ ರಕ್ಷಣೆಯೂ ಇತ್ತು. ಮುಚ್ಚಳದ ಒಳಗಡೆ ಸುತ್ತಲೂ ಇದ್ದ ರಬ್ಬರಿನ ಅಂಚು ಆ ಕೆಲಸ ಮಾಡುತ್ತಿತ್ತು. ಕಷ್ಟವಾದದ್ದನ್ನು ಅಸಾಧ್ಯವೆಂದು ಯಾರಾದರೂ ಹೇಳಿದಾಗ ಇಂಥದೊಂದು ನಿದರ್ಶನ ನಿನ್ನ ಬಳಿ ಇರಲಿ. ಯುರೋಪಿನ ಒಕ್ಕೂಟದಲ್ಲಂತೂ 2027ರ ಫೆಬ್ರುವರಿ 18ರಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕೈಯಲ್ಲಿ ಹಿಡಿಯುವ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಬದಲಿಸಲು ಬರಬೇಕೆಂಬ ನಿಯಮ ಜಾರಿಗೆ ಬರಲಿದೆ. ಫೋನುಗಳ ಬ್ಯಾಟರಿ 800 ಸಲ ಚಾರ್ಜ್ ಆದ ಮೇಲೂ ಮೊದಲಿನ ಸಾಮರ್ಥ್ಯದ ಶೇ. 80ರಷ್ಟನ್ನು ಉಳಿಸಿಕೊಂಡಿರಬೇಕು, ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗಗಳು ಸಿಗಬೇಕು ಎಂಬ ನಿಯಮಗಳು 2025ರ ಜೂನ್ 20ರಿಂದಲೇ ಅಲ್ಲಿ ನಡೆಯುತ್ತಿವೆ. ನಿಮ್ಮ ಕಂಪನಿಯ ಸರಕು ಅಲ್ಲಿಗೂ ಹೋಗುವುದಾದರೆ ನೀನು ಆಡುವ ಮಾತಿಗೆ ಕಾನೂನಿನ ಬೆಂಬಲವಿದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುವುದು ಸಾಫ್ಟ್‌ವೇರಿನಿಂದ ಹಾಕುವ ಬೀಗ. ಪರದೆಗೋ ಕ್ಯಾಮೆರಾಕ್ಕೋ ಒಂದು ಸಂಖ್ಯೆ ಕೊಟ್ಟು ಮದರ್‌ಬೋರ್ಡಿಗೆ ಜೋಡಿ ಮಾಡಿಬಿಡುತ್ತಾರೆ. ಅದೇ ಕಂಪನಿಯ ಅಸಲಿ ಪರದೆಯನ್ನೇ ಇನ್ನೊಂದು ಫೋನಿನಿಂದ ತೆಗೆದು ಹಾಕಿದರೂ ಎಚ್ಚರಿಕೆಯ ಸಂದೇಶ ಬರುತ್ತದೆ ಅಥವಾ ಕೆಲವು ಸೌಲಭ್ಯಗಳು ನಿಂತುಹೋಗುತ್ತವೆ. ಬೆರಳಚ್ಚಿನ ಸೆನ್ಸರಿಗೆ ಇಂಥ ಜೋಡಣೆ ಬೇಕು, ಅಲ್ಲಿ ಭದ್ರತೆಯ ಪ್ರಶ್ನೆಯಿದೆ. ಪರದೆಗೆ ಏಕೆ ಬೇಕು ಎಂಬುದಕ್ಕೆ ನನಗೆ ಒಪ್ಪಿಗೆಯಾಗುವ ಉತ್ತರವನ್ನು ಯಾರೂ ಕೊಟ್ಟಿಲ್ಲ. ಅಮೆರಿಕದ ಆರೆಗನ್ ರಾಜ್ಯ 2024ರಲ್ಲಿ ಮಾಡಿದ ಕಾನೂನಿನಲ್ಲಿ ರಿಪೇರಿಯನ್ನು ತಡೆಯುವ ಇಂಥ ಜೋಡಣೆಯನ್ನು ನಿಷೇಧಿಸಿದೆ. ನಮ್ಮ ದೇಶದಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿಯೊಂದನ್ನು ನೇಮಿಸಿ, ರಿಪೇರಿಯ ಹಕ್ಕಿಗಾಗಿ ಪೋರ್ಟಲನ್ನೂ ತೆರೆಯಿತು. ಕಂಪನಿಗಳನ್ನು ಕಟ್ಟಿಹಾಕುವಷ್ಟು ಬಿಗಿ ಅದಕ್ಕಿಲ್ಲ. ಬಿಗಿಯಾದ ಕಾನೂನು ಬರುವವರೆಗೆ ನಿನ್ನ ವಿವೇಚನೆಯೇ ಕಾನೂನು.

ದಾಖಲೆಯ ಬಗ್ಗೆ ಒಂದು ಮಾತು. ನಾನು ಕೆಲಸ ಕಲಿತ ಕಾಲದಲ್ಲಿ ವಿದ್ಯುತ್ತಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಟೆಕ್ಟ್ರಾನಿಕ್ಸ್ ಆಸಿಲೋಸ್ಕೋಪಿನ ಸರ್ವಿಸ್ ಪುಸ್ತಕ ತೆರೆದರೆ ಪೂರ್ತಿ ಸರ್ಕ್ಯೂಟ್ ನಕ್ಷೆ, ಬಿಡಿಭಾಗಗಳ ಪಟ್ಟಿ, ಯಾವ ಬಿಂದುವಿನಲ್ಲಿ ಎಷ್ಟು ವೋಲ್ಟ್ ಇರಬೇಕು, ಅಲೆಯ ಆಕಾರ ಹೇಗಿರಬೇಕು ಎಂಬುದೆಲ್ಲ ಸಿಗುತ್ತಿತ್ತು. ಅದನ್ನು ಓದಿಯೇ ನಾನು ಒಳ್ಳೆಯ ವಿನ್ಯಾಸ ಎಂದರೇನೆಂದು ತಿಳಿದೆ. ಇಂದು ಫೋನ್ ರಿಪೇರಿಯ ಹುಡುಗರು ಎಲ್ಲಿಂದಲೋ ಸೋರಿ ಬಂದ ನಕ್ಷೆಗಳನ್ನು ನೋಡಿಕೊಂಡು ಕೆಲಸ ಮಾಡಬೇಕಾಗಿದೆ. ಕಂಪನಿಯ ಗುಟ್ಟನ್ನು ಹೊರಗೆ ಹಾಕೆಂದು ನಾನು ಖಂಡಿತ ಹೇಳುವುದಿಲ್ಲ, ಅದು ನಿನ್ನ ಅಧಿಕಾರವಲ್ಲ. ಆದರೆ ವೋಲ್ಟೇಜ್ ಅಳೆದು ನೋಡಲು ಟೆಸ್ಟ್ ಪಾಯಿಂಟುಗಳನ್ನು ಇಡುವುದು, ಅವುಗಳ ಪಕ್ಕದಲ್ಲಿ 3.3 ವೋಲ್ಟ್, 5 ವೋಲ್ಟ್ ಎಂದು ಓದಲು ಬರುವಂತೆ ಅಚ್ಚು ಹಾಕಿಸುವುದು, ಕನೆಕ್ಟರಿನ ಮೊದಲ ಪಿನ್ನಿಗೆ ಗುರುತು ಮಾಡುವುದು ನಿನ್ನ ಅಧಿಕಾರದಲ್ಲೇ ಇದೆ. ಸರ್ವಿಸ್ ಕೈಪಿಡಿಯನ್ನು ಪ್ರಕಟಿಸಿಯೂ ವ್ಯಾಪಾರ ಮಾಡಬಹುದೆಂಬುದಕ್ಕೆ ಲೆನೊವೊದ ಥಿಂಕ್‌ಪ್ಯಾಡ್ ಕಣ್ಣೆದುರಿಗಿದೆ. 2021ರಲ್ಲಿ ಬಂದ ಫ್ರೇಮ್‌ವರ್ಕ್ ಲ್ಯಾಪ್‌ಟಾಪಿನ ಒಳಭಾಗಗಳ ಮೇಲೆ ಕ್ಯೂಆರ್ ಕೋಡನ್ನೇ ಅಂಟಿಸಿ, ಸ್ಕ್ಯಾನ್ ಮಾಡಿದರೆ ಮಾಹಿತಿ ಸಿಗುವಂತೆ ಮಾಡಿದ್ದಾರೆ.

ವಿನ್ಯಾಸದ ಸಭೆಗಳಲ್ಲಿ ಈ ಮಾತುಗಳನ್ನು ಹೇಗೆ ಆಡಬೇಕೆಂಬುದೂ ಮುಖ್ಯ. ಪರಿಸರ, ನೀತಿ ಎಂದು ಭಾಷಣಕ್ಕೆ ನಿಂತರೆ ಎಲ್ಲರೂ ತಲೆದೂಗಿ ಮುಂದಿನ ವಿಷಯಕ್ಕೆ ಹೋಗುತ್ತಾರೆ. ವಾರಂಟಿಯಲ್ಲಿ ವಾಪಸು ಬಂದ ಪೆಟ್ಟಿಗೆಗಳ ಲೆಕ್ಕವನ್ನು ಸರ್ವಿಸ್ ವಿಭಾಗದಿಂದ ಕೇಳಿ ತೆಗೆದುಕೋ. ಅವರನ್ನು ಯಾರೂ ಕೇಳುವುದಿಲ್ಲವಾದ್ದರಿಂದ ಸಂತೋಷವಾಗಿಯೇ ಕೊಡುತ್ತಾರೆ. ಎಲ್ಲದಕ್ಕೂ ಜಗಳವಾಡಬೇಡ, ಸವೆಯುವ ಭಾಗಗಳಿಗೆ ಮಾತ್ರ ಪಟ್ಟು ಹಿಡಿ. ಚಾರ್ಜಿಂಗ್ ಸಾಕೆಟ್ಟನ್ನು ದೊಡ್ಡ ಬೋರ್ಡಿಗೆ ಬೆಸೆಯುವ ಬದಲು ಪುಟ್ಟದೊಂದು ಪ್ರತ್ಯೇಕ ಬೋರ್ಡಿನಲ್ಲಿ ಇಟ್ಟರೆ, ದಿನಾ ಕೇಬಲ್ ಚುಚ್ಚಿ ಸಡಿಲವಾದ ಸಾಕೆಟ್ಟಿಗಾಗಿ ಇಡೀ ಮದರ್‌ಬೋರ್ಡ್ ಬದಲಿಸುವ ಖರ್ಚು ಕಂಪನಿಗೇ ಉಳಿಯುತ್ತದೆ. ಈ ಲೆಕ್ಕವನ್ನು ಕಾಗದದ ಮೇಲೆ ತೋರಿಸಿದರೆ ಖರೀದಿ ವಿಭಾಗದವರೂ ಕೇಳುತ್ತಾರೆ.

ಕೊನೆಯದಾಗಿ, ಬೆಸುಗೆ ಹಾಕುವುದಕ್ಕಿಂತ ಬಿಡಿಸುವುದನ್ನು ಚೆನ್ನಾಗಿ ಕಲಿತುಕೋ. ಸೀಸದ ಹಳೆಯ ಬೆಸುಗೆ 183 ಡಿಗ್ರಿಗೆ ಕರಗುತ್ತಿತ್ತು, ಈಗಿನ ಸೀಸರಹಿತ ಬೆಸುಗೆಗೆ 217 ಡಿಗ್ರಿಯ ಮೇಲೆ ಬೇಕು. ಗ್ರೌಂಡ್ ಪ್ಲೇನಿನ ಅಗಲವಾದ ತಾಮ್ರಕ್ಕೆ ನೇರವಾಗಿ ಕೂರಿಸಿದ ಕಾಲನ್ನು ಬಿಡಿಸಹೊರಟರೆ ಆ ತಾಮ್ರ ಶಾಖವನ್ನೆಲ್ಲ ಹೀರಿಕೊಂಡು ಬೆಸುಗೆಯ ಐರನ್ ಸೋಲುತ್ತದೆ. ಅದನ್ನು ಒಮ್ಮೆ ಸ್ವಂತ ಕೈಯಲ್ಲಿ ಅನುಭವಿಸಿದರೆ, ಕಾಲನ್ನು ಬೆಸೆಯುವ ಪ್ಯಾಡಿನ ಸುತ್ತ ತಾಮ್ರವನ್ನು ಕತ್ತರಿಸಿ ನಾಲ್ಕು ಸಣ್ಣ ಎಳೆಗಳನ್ನಷ್ಟೇ ಉಳಿಸಬೇಕೆಂಬುದು ಯಾರೂ ಹೇಳದೆಯೇ ನೆನಪಿನಲ್ಲಿರುತ್ತದೆ. ಕೆಲಸಕ್ಕೆ ಸೇರುವ ಮುಂಚೆ ಒಂದು ಭಾನುವಾರ ಮನೆಗೆ ಬಾ. ಕೆಟ್ಟ ಬೋರ್ಡುಗಳನ್ನು ತೆಗೆದಿಟ್ಟಿರುತ್ತೇನೆ, ಊಟದ ಹೊತ್ತಿನವರೆಗೂ ಕೂತು ಬಿಡಿಸೋಣ. ನಿನ್ನ ದೊಡ್ಡಮ್ಮನೂ ನಿನ್ನನ್ನು ಕೇಳುತ್ತಿದ್ದಾಳೆ.

ಇಂತಿ ನಿನ್ನ ದೊಡ್ಡಪ್ಪ